ಒತ್ತದ ಅಕ್ಷರ

ಕಳೆದ ದೀಪಾವಳಿಗೆ ಅಣ್ಣನ ಮಗಳು ಪುಟ್ಟಿ ಬೆಂಗಳೂರಿನಿಂದ ಸಾಗರಕ್ಕೆ ಬಂದಾಗ ಅವಳ ಚೀಲದಲ್ಲಿ ಬಟ್ಟೆಗಿಂತ ತಂತಿಯ ಸುರುಳಿಗಳೇ ಹೆಚ್ಚಿದ್ದವು. ಬೆಸುಗೆ ಹಾಕುವ ಕಡ್ಡಿ, ಚಿಮುಟ, ಭೂತಗನ್ನಡಿ, ಎಸ್.ಪಿ. ರಸ್ತೆಯ ಅಂಗಡಿಗಳಿಂದ ತಂದ ಪುಟ್ಟ ಪುಟ್ಟ ಪೊಟ್ಟಣಗಳು. “ಅತ್ತೆ, ಈ ಸಲ ನಿಂಗೊಂದು ಕೀಲಿಮಣೆ ಮಾಡಿ ಕೊಟ್ಟೇ ಹೋಗದು” ಎಂದಳು. ಅಂಗಡಿಯಲ್ಲಿ ಐನೂರು ರೂಪಾಯಿಗೆ ಸಿಗುವ ವಸ್ತುವಿಗೆ ಹಬ್ಬದ ರಜೆಯನ್ನೆಲ್ಲ ಸುರಿಯುವುದೇ? ಕೇಳಿದೆ. “ನೀನು ಅಂಗಡೀಲಿ ಸಿಗೋ ಉಪ್ಪಿನಕಾಯಿ ಯಾಕೆ ತರಲ್ಲ?” ಎಂದಳು. ನಾನು ಬಾಯಿ ಮುಚ್ಚಿಕೊಂಡೆ.

ಇಂಥ ಹವ್ಯಾಸದವರು ದೇಶ ದೇಶಗಳಲ್ಲಿದ್ದಾರಂತೆ. ಒಂದೊಂದು ಕೀಲಿಗೂ ಅದರದೇ ಸ್ಪ್ರಿಂಗು, ಅದರದೇ ಲೋಹದ ಎಲೆ ಇರುವ ಕೀಲಿಮಣೆಯನ್ನು ತಮ್ಮ ಕೈಯಾರೆ ಕಟ್ಟಿಕೊಳ್ಳುವವರು. ಅದಕ್ಕೊಂದು ಮಿದುಳು ಬೇಕು; ಹೆಬ್ಬೆರಳಿನಷ್ಟು ಅಗಲದ ಒಂದು ಬೋರ್ಡು. ಸಾಮಾನ್ಯವಾಗಿ ‘ಪ್ರೊ ಮೈಕ್ರೊ’ ಎಂಬ ಸಿದ್ಧ ಬೋರ್ಡನ್ನು ಕೊಂಡು ಹಾಕುತ್ತಾರೆ. ಅದರ ಕೇಬಲ್ ಸಿಕ್ಕಿಸುವ ಬಾಯಿ ಬಹಳ ಸೂಕ್ಷ್ಮ, ನಾಲ್ಕು ಸಲ ಜೋರಾಗಿ ಎಳೆದರೆ ಕಿತ್ತು ಕೈಗೆ ಬರುವುದೂ ಉಂಟು. ಹಾಗಾಗಿ ಪುಟ್ಟಿ ಅದೇ ಅಳತೆಯಲ್ಲಿ, ೧೮ ಮಿಲಿಮೀಟರ್ ಅಗಲ, ೩೩ ಮಿಲಿಮೀಟರ್ ಉದ್ದ, ತನ್ನದೇ ಬೋರ್ಡನ್ನು ಬರೆದಿದ್ದಳು. ಬರೆಯುವುದಕ್ಕೆ ‘ಕಿಕ್ಯಾಡ್’ ಎಂಬ ತಂತ್ರಾಂಶ. ಫ್ರಾನ್ಸಿನ ಜಾನ್-ಪಿಯರ್ ಶರಾಸ್ ಎಂಬವರು ೧೯೯೨ರಲ್ಲಿ ಶುರುಮಾಡಿದ್ದಂತೆ. ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದು.

ಆ ನಕ್ಷೆಯನ್ನು ಪರದೆಯ ಮೇಲೆ ತೋರಿಸಿದಳು. ನಡುವೆ ೨೦೨೧ರಲ್ಲಿ ಬಂದ ಆರ್‌ಪಿ ೨೦೪೦ ಎಂಬ ಚಿಪ್ಪು. ಏಳು ಮಿಲಿಮೀಟರಿನ ಚೌಕಕ್ಕೆ ಐವತ್ತಾರು ಕಾಲು! ಅದರ ಸುತ್ತ ಸಾಸಿವೆ ಚೆಲ್ಲಿದ ಹಾಗೆ ಕೆಪಾಸಿಟರುಗಳು. ಚಿಪ್ಪಿಗೆ ತಟ್ಟನೆ ವಿದ್ಯುತ್ತು ಬೇಕಾದಾಗ ದೂರದಿಂದ ಬರುವಷ್ಟರಲ್ಲಿ ತಡವಾಗುತ್ತದೆ. ಅದಕ್ಕೇ ಪಕ್ಕದಲ್ಲೇ ಒಂದಿಷ್ಟು ಕೂಡಿಟ್ಟುಕೊಳ್ಳುವುದು, ಬಚ್ಚಲಲ್ಲಿ ಕೈಗೆ ಸಿಗುವ ಹಾಗೆ ತಂಬಿಗೆಯಲ್ಲಿ ನೀರಿಟ್ಟಂತೆ. ಮೊದಲು ಮಾಡಿಸಿದ ಐದು ಬೋರ್ಡುಗಳಲ್ಲಿ ಎರಡು ಪುಟಾಣಿ ರೆಸಿಸ್ಟರ್ ಹಾಕುವುದನ್ನೇ ಮರೆತಿದ್ದಳಂತೆ. ಹಳೆಯ ಕೇಬಲ್ಲಿಗೆ ಅವು ಸರಿಯಾಗಿ ಕೆಲಸ ಮಾಡುತ್ತಿದ್ದವು, ಎರಡೂ ತುದಿ ಒಂದೇ ಥರ ಇರುವ ಹೊಸ ಕೇಬಲ್ ಹಾಕಿದರೆ ಉಸಿರೇ ಇಲ್ಲ. ಬೇಸರವಿಲ್ಲದೆ ಮತ್ತೆ ಬರೆದು ಮತ್ತೆ ಮಾಡಿಸಿದ್ದಳು.

ನನ್ನ ಕೀಲಿಮಣೆಗೆ ಅರವತ್ತು ಕೀಲಿ. ಒಂದೊಂದಕ್ಕೆ ಒಂದೊಂದು ತಂತಿ ಎಂದರೆ ಅರವತ್ತು ಕಾಲು ಬೇಕು, ಬೋರ್ಡಿನಲ್ಲಿ ಅಷ್ಟಿಲ್ಲ. ಆದ್ದರಿಂದ ಐದು ಅಡ್ಡಸಾಲು, ಹನ್ನೆರಡು ಕಂಬಸಾಲು ಮಾಡುತ್ತಾರೆ. ಹದಿನೇಳು ತಂತಿಯಲ್ಲಿ ಕೆಲಸ ಮುಗಿಯಿತು. ಬೋರ್ಡು ಒಂದೊಂದೇ ಅಡ್ಡಸಾಲಿಗೆ ವಿದ್ಯುತ್ತು ಬಿಟ್ಟು ‘ನಿನ್ನಲ್ಲಿ ಯಾರನ್ನು ಒತ್ತಿದ್ದಾರೆ?’ ಎಂದು ಕೇಳುತ್ತದೆ. ಯಾವ ಕಂಬಸಾಲಿನಲ್ಲಿ ವಿದ್ಯುತ್ತು ಬಂತೋ ಅಲ್ಲಿನ ಕೀಲಿ ಒತ್ತಿದೆ ಎಂದು ಬರೆದುಕೊಳ್ಳುತ್ತದೆ. ಒಂದು ಸೆಕೆಂಡಿಗೆ ಸಾವಿರಾರು ಸಲ ಈ ಹಾಜರಿ ನಡೆಯುತ್ತದೆ. ಮೇಷ್ಟರು ಸಾಲು ಸಾಲಾಗಿ ಕೂಗಿದ ಹಾಗೆ, ಅಷ್ಟೆ.

ಎರಡನೆಯ ದಿನ ಸಂಜೆ, “ಬೋರ್ಡು ಎಚ್ಚರಾಗತ್ತಾ ಅಂತ ನೋಡಾಣ, ಉಳಿದದ್ದು ಆಮೇಲೆ” ಎಂದು ಅವಸರದಲ್ಲಿ ಬರೀ ತಂತಿ ಎಳೆದು ಕಂಪ್ಯೂಟರಿಗೆ ಸಿಕ್ಕಿಸಿ, ನನ್ನನ್ನು ಕೂರಿಸಿದಳು. ನಾನು ೧೯೮೪ರಲ್ಲಿ ಕನ್ನಡ ಸೀನಿಯರ್ ಟೈಪಿಂಗ್ ಪಾಸು ಮಾಡಿದವಳು. ಅನಂತ ಸುಬ್ಬರಾಯರ ಕೀಲಿಮಣೆಯಲ್ಲಿ ಕಲಿತ ಬೆರಳನ್ನು ಮುಂದೆ ಕೆ.ಪಿ. ರಾಯರ ವಿನ್ಯಾಸಕ್ಕೆ ಒಗ್ಗಿಸಿಕೊಂಡವಳು. ವೇಗ ಇನ್ನೂ ಹೋಗಿಲ್ಲ ಎಂಬ ಸಣ್ಣ ಜಂಬವೂ ಇದೆ. ಹೊಡೆಯುತ್ತಾ ಹೋದೆ. ನಡುನಡುವೆ ಸಂಬಂಧವೇ ಇಲ್ಲದ ಒಂದು ‘ಜ’ ಬಂದು ಕೂರತೊಡಗಿತು.

“ವಯಸ್ಸಾಯ್ತು ಕಣೇ, ಬೆರಳು ತಪ್ಪುತ್ತಿದೆ” ಎಂದೆ. “ನೀನು ‘ಜ’ ಒತ್ತೇ ಇಲ್ಲ ಅತ್ತೆ” ಎಂದಳು ಪುಟ್ಟಿ. ಹಾಗೆಂದು ನನ್ನ ಮೂರು ಬೆರಳು ಹಿಡಿದು ‘ಹ’, ‘ನ’, ‘ಮ’ ಮೂರನ್ನೂ ಒಟ್ಟಿಗೆ ಒತ್ತಿ ಹಿಡಿಸಿದಳು. ಪರದೆಯ ಮೇಲೆ ನಾಲ್ಕು ಅಕ್ಷರ. ನಾಲ್ಕನೆಯದು ಯಾರೂ ಮುಟ್ಟದ ‘ಜ’.

ಅವಳು ವಿವರಿಸಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. ಎರಡು ಬೀದಿ, ಅವನ್ನು ಸೇರಿಸುವ ಎರಡು ಓಣಿ ಇವೆ ಎಂದುಕೊಳ್ಳಿ. ಮೇಲಿನ ಬೀದಿಯ ಎರಡು ತಿರುವಿನಲ್ಲಿ ‘ಹ’ ಮತ್ತು ‘ಜ’ ಎಂಬ ಎರಡು ಬಾಗಿಲು. ಕೆಳಗಿನ ಬೀದಿಯಲ್ಲಿ ಅವುಗಳ ನೇರಕ್ಕೆ ‘ನ’ ಮತ್ತು ‘ಮ’. ಕೀಲಿ ಒತ್ತುವುದೆಂದರೆ ಬಾಗಿಲು ತೆರೆದಂತೆ. ಮೇಲಿನ ಬೀದಿಗೆ ನೀರು ಬಿಟ್ಟರೆ ಅದು ‘ಹ’ ಬಾಗಿಲಿನಿಂದ ಮೊದಲ ಓಣಿಗೆ ಇಳಿಯುತ್ತದೆ. ಅಲ್ಲಿ ನಿಲ್ಲಬೇಕು. ಆದರೆ ‘ನ’ ಬಾಗಿಲು ತೆರೆದಿದೆಯಲ್ಲ, ಅದರೊಳಗೆ ಹಿಮ್ಮುಖವಾಗಿ ನುಗ್ಗಿ ಕೆಳಗಿನ ಬೀದಿಗೆ ಬಂದು, ‘ಮ’ ಬಾಗಿಲಿನಿಂದ ಎರಡನೆಯ ಓಣಿಗೆ ಹಾಯುತ್ತದೆ. ಎರಡನೆಯ ಓಣಿಯ ತುದಿಯಲ್ಲಿ ಕಾಯುತ್ತಿರುವ ಬೋರ್ಡಿಗೆ ನೀರು ಕಂಡಿತು. ಬಿಟ್ಟದ್ದು ಮೇಲಿನ ಬೀದಿಗೆ, ಬಂದದ್ದು ಎರಡನೆಯ ಓಣಿಯಲ್ಲಿ. ಹಾಗಾದರೆ ‘ಜ’ ಬಾಗಿಲು ತೆರೆದಿದೆ ಎಂದು ಅದು ಬರೆದುಕೊಂಡಿತು. ಬೋರ್ಡು ಸುಳ್ಳು ಹೇಳಲಿಲ್ಲ. ‘ಹ’ ನಿಜ, ‘ನ’ ನಿಜ, ‘ಮ’ ನಿಜ. ಮೂರು ನಿಜ ಸೇರಿ ನಾಲ್ಕನೆಯ ಸುಳ್ಳೊಂದನ್ನು ಹೆತ್ತವು. ಇಂಗ್ಲಿಷಿನಲ್ಲಿ ಇದನ್ನು ದೆವ್ವ ಎಂದೇ ಕರೆಯುತ್ತಾರಂತೆ.

ಹಳೆಯ ಟೈಪ್‌ರೈಟರಿನಲ್ಲಿ ಮೂರು ಕೀಲಿ ಒಟ್ಟಿಗೆ ಒತ್ತಿದರೆ ಕಡ್ಡಿಗಳು ಒಂದಕ್ಕೊಂದು ಸಿಕ್ಕಿಕೊಂಡು ನಿಲ್ಲುತ್ತಿದ್ದವು. ಕೈ ಮಸಿ ಮಾಡಿಕೊಂಡು ಬಿಡಿಸಬೇಕಿತ್ತು. ತಪ್ಪಾಗಿದೆ ಎಂದು ಕಣ್ಣಿಗೆ ಕಾಣುತ್ತಿತ್ತು. ಇದು ಹಾಗಲ್ಲ. ದೆವ್ವದ ‘ಜ’ ನಿಜವಾದ ‘ಜ’ದಷ್ಟೇ ಸ್ವಚ್ಛವಾಗಿ, ಅಷ್ಟೇ ದುಂಡಗೆ ಮೂಡುತ್ತದೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ೧೯೮೯ನೆಯ ಇಸವಿ ನೆನಪಾಗುತ್ತಿತ್ತು.

ಆಗ ನಾನು ಒಂದು ಕಚೇರಿಯಲ್ಲಿ ಟೈಪಿಸ್ಟ್. ನಾವು ಹೆಂಗಸರು ಹನ್ನೆರಡು ಜನ ತಿಂಗಳಿಗೆ ನೂರು ರೂಪಾಯಿಯ ಚೀಟಿ ನಡೆಸುತ್ತಿದ್ದೆವು. ಹಣ ನನ್ನ ಮೇಜಿನ ಡ್ರಾಯರಿನಲ್ಲಿರುತ್ತಿತ್ತು. ಒಂದು ಸಂಜೆ ತಲೆನೋವೆಂದು ನಾನು ಬೇಗ ಹೊರಟೆ. ಬೀಗದ ಕೈಯನ್ನು ದಿನಗೂಲಿಗೆ ಬರುತ್ತಿದ್ದ ಇಪ್ಪತ್ತೊಂದು ವರ್ಷದ ಹುಡುಗಿಯ ಕೈಗೆ ನಾನೇ ಕೊಟ್ಟೆ, ಉಳಿದ ಕಾಗದಗಳನ್ನು ಒಳಗಿಟ್ಟು ಬೀಗ ಹಾಕಲೆಂದು. ಮರುದಿನ ನೋಡಿದರೆ ಸಾವಿರದ ಇನ್ನೂರು ರೂಪಾಯಿ ಇರಲಿಲ್ಲ. ಆ ಡ್ರಾಯರಿನ ಬೀಗವನ್ನು ಹೇರ್‌ಪಿನ್ನಿನಿಂದಲೂ ತೆಗೆಯಬಹುದಿತ್ತು ಎಂಬುದು ಎಲ್ಲರಿಗೂ ಗೊತ್ತಿತ್ತು. ಆ ದಿನ ಯಾರಿಗೂ ನೆನಪಾಗಲಿಲ್ಲ. ಎಂಟು ದಿನ ಕಳೆದ ಮೇಲೆ ಆ ಹುಡುಗಿ ಕಿವಿಗೆ ಬಂಗಾರದ ಓಲೆ ಹಾಕಿಕೊಂಡು ಬಂದಳು. ಅದುವರೆಗೆ ಅವಳ ಕಿವಿಯಲ್ಲಿ ಇದ್ದದ್ದು ಬೇವಿನ ಕಡ್ಡಿ.

ಹೆಡ್ ಗುಮಾಸ್ತರು ನನ್ನನ್ನು ಒಳಗೆ ಕರೆದು ಕೇಳಿದರು. ನಾನು ಹೇಳಿದ್ದು ಮೂರೇ ಮಾತು. ಬೀಗದ ಕೈ ಅವಳ ಹತ್ತಿರ ಇತ್ತು. ಕೊನೆಗೆ ಹೋದವಳು ಅವಳು. ಓಲೆ ಹಾಕಿಕೊಂಡು ಬಂದಿದ್ದಾಳೆ. ಮೂರೂ ನಿಜ. ‘ಅವಳೇ ತೆಗೆದಳು’ ಎಂದು ನಾನು ಹೇಳಲಿಲ್ಲ. ಇಷ್ಟು ವರ್ಷ ನನ್ನ ಮನಸ್ಸಿಗೆ ನಾನು ಕೊಟ್ಟುಕೊಂಡ ಸಮಾಧಾನ ಇದೇ. ಮುಂದಿನ ತಿಂಗಳಿಂದ ಅವಳಿಗೆ ಕೆಲಸ ಇರಲಿಲ್ಲ. ಯಾರೂ ಜಗಳವಾಡಲಿಲ್ಲ, ಪೋಲೀಸಿಗೂ ಹೋಗಲಿಲ್ಲ. ದಿನಗೂಲಿಯವರನ್ನು ಬಿಡಿಸುವುದಕ್ಕೆ ಕಾಗದವೂ ಬೇಕಿರಲಿಲ್ಲ.

ಎರಡು ವರ್ಷದ ನಂತರ ಒಂದು ಮದುವೆ ಮನೆಯಲ್ಲಿ ಅವಳ ಊರಿನವರು ಸಿಕ್ಕರು. ಅವಳ ಅಕ್ಕ ಹೆರಿಗೆಯಲ್ಲಿ ತೀರಿಕೊಂಡಿದ್ದಳಂತೆ. ವರ್ಷದ ಕಾರ್ಯ ಮುಗಿದ ಮೇಲೆ ತಾಯಿ ಅಕ್ಕನ ಓಲೆಯನ್ನು ತಂಗಿಗೆ ಹಾಕಿದ್ದರು. ಹೇಳಿದವರಿಗೆ ಅದು ಬರೀ ಆ ಮನೆಯ ಕಷ್ಟದ ಕಥೆ. ನಾನು ಎಲೆಯ ಮುಂದೆ ಕೂತಿದ್ದೆ, ಪಾಯಸ ಬಡಿಸುತ್ತಿದ್ದರು.

ಹಣ ಯಾರು ತೆಗೆದರೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಮೂರು ನಿಜ ಹೇಳಿದವಳು ಸುಳ್ಳು ಹೇಳಿದಂತಾಗುತ್ತದೆಯೇ? ಧರ್ಮಶಾಸ್ತ್ರ ಬಲ್ಲವರು ಏನನ್ನುವರೋ. ಕಂಡದ್ದನ್ನು ಕಂಡಂತೆ ಹೇಳಿದ್ದೇನೆ, ಕೂಡಿಸಿಕೊಂಡವರು ಅವರು ಎನ್ನಬಹುದು. ಆದರೆ ಯಾವ ಮೂರನ್ನು ಹೇಳಬೇಕೆಂದು ಆರಿಸಿದವಳು ನಾನು. ಹೇರ್‌ಪಿನ್ನಿನ ಮಾತನ್ನು ಹೇಳಲಿಲ್ಲ. ‘ಜ’ ಮೂಡುವ ಜಾಗ ಖಾಲಿ ಉಳಿಯುವಂತೆ ಸುತ್ತಲಿನ ಮೂರನ್ನೇ ಒತ್ತಿದೆ. ನಮ್ಮ ಬೀದಿಯ ಮಾತುಕತೆಯೆಲ್ಲ ಹೆಚ್ಚುಕಡಿಮೆ ಹೀಗೆಯೇ ಅಲ್ಲವೇ? ‘ಗಂಡ ಊರಲ್ಲಿಲ್ಲ, ರಾತ್ರಿ ಹತ್ತಾದರೂ ದೀಪ ಉರೀತಿತ್ತು, ಬಾಗಿಲಲ್ಲಿ ಒಂದು ಸ್ಕೂಟರ್ ನಿಂತಿತ್ತು. ನಾನೇನೂ ಹೇಳಲ್ಲಪ್ಪ.’ ಹೇಳುವುದು ಇನ್ನೇನು ಉಳಿದಿದೆ!

ಬೆಳಿಗ್ಗೆ ಪುಟ್ಟಿಯನ್ನು ಕೇಳಿದೆ, ಈ ದೆವ್ವವನ್ನು ಬಿಡಿಸುವುದು ಹೇಗೆ ಎಂದು. ಎರಡು ದಾರಿ ಎಂದಳು. ಅಗ್ಗದ ಕೀಲಿಮಣೆಗಳು ಮಾಡುವುದು ಮೊದಲನೆಯದು: ಮೂರು ಮೂಲೆ ಕಂಡ ಕೂಡಲೇ ಅನುಮಾನ ಬಂದು ಮೂರನೆಯ ಕೀಲಿಯನ್ನು ದಾಖಲಿಸುವುದೇ ಇಲ್ಲ. ದೆವ್ವ ಬರುವುದಿಲ್ಲ; ಆದರೆ ನಾವು ನಿಜವಾಗಿ ಒತ್ತಿದ್ದೂ ಹೋಗುತ್ತದೆ.

ಒಳ್ಳೆಯದೇ ಅನ್ನಿಸಿತು. ಗೊತ್ತಿಲ್ಲದಾಗ ಸುಮ್ಮನಿರುವುದು ನಮ್ಮ ಹಿರಿಯರು ಕಲಿಸಿದ ಮರ್ಯಾದೆ. ಆದರೆ ಹಾಗೆ ಸುಮ್ಮನಿದ್ದದ್ದೂ ನನಗೆ ನೆನಪಿದೆ. ೧೯೯೬ರಲ್ಲಿ ನಮ್ಮ ಎದುರು ಮನೆಯ ಸೊಸೆ ಏಪ್ರಿಲ್ ಬಿಸಿಲಲ್ಲಿ ಉದ್ದ ತೋಳಿನ ರವಿಕೆ ತೊಡುತ್ತಿದ್ದಳು. ಕೆಲವು ರಾತ್ರಿ ಆ ಮನೆಯ ರೇಡಿಯೋ ಇದ್ದಕ್ಕಿದ್ದಂತೆ ಜೋರಾಗುತ್ತಿತ್ತು. ಮರುದಿನ ನಲ್ಲಿಯ ಹತ್ತಿರ ಅವಳು ಬರುತ್ತಿರಲಿಲ್ಲ. ಚೀಟಿಯ ಹಣದ ಪೆಟ್ಟು ತಿಂದಿದ್ದ ನಾನು, ‘ಕಾಣದ್ದನ್ನು ಊಹಿಸಬಾರದು’ ಎಂದು ಮುಖ ತಿರುಗಿಸಿದೆ. ಒಂದು ದಿನ ಅವಳ ಅಪ್ಪ ಬಂದು, ಮುರಿದ ಕೈಗೆ ಪಟ್ಟಿ ಕಟ್ಟಿಸಿಕೊಂಡಿದ್ದ ಮಗಳನ್ನು ಕರೆದುಕೊಂಡು ಹೋದರು. ಆ ಸಲ ನಾಲ್ಕನೆಯ ಅಕ್ಷರ ನಿಜವಾಗಿತ್ತು. ನಾನು ಅಗ್ಗದ ಕೀಲಿಮಣೆಯಾಗಿದ್ದೆ.

ಎರಡನೆಯ ದಾರಿ ಡಯೋಡು. ಒನ್ ಎನ್ ೪೧೪೮ ಎಂದು ಅದರ ಹೆಸರು. ಅಕ್ಕಿಕಾಳಿಗಿಂತ ಕಿರಿದು, ಕಿತ್ತಳೆ ಬಣ್ಣದ ಗಾಜು, ಒಂದು ತುದಿಗೆ ಕಪ್ಪು ಪಟ್ಟಿ. ವಿದ್ಯುತ್ತು ಒಂದು ಕಡೆಗೆ ಮಾತ್ರ ಹೋಗುತ್ತದೆ, ಹಿಂದಕ್ಕೆ ಬರಲಾರದು. ಒಂದಕ್ಕೆ ಒಂದೋ ಎರಡೋ ರೂಪಾಯಿ. ಪ್ರತಿ ಕೀಲಿಗೂ ಒಂದು ಹಾಕಬೇಕು. ಆಗ ‘ನ’ದ ಬಾಗಿಲಲ್ಲಿ ಹಿಮ್ಮುಖವಾಗಿ ಯಾರೂ ನುಗ್ಗಲಾರರು. ‘ನ’ ತನ್ನ ಬಗ್ಗೆ ಮಾತ್ರ ಹೇಳುತ್ತದೆ, ಬೇರೆಯವರ ಸುದ್ದಿಗೆ ದಾರಿಯಾಗುವುದಿಲ್ಲ. ಎಷ್ಟು ಕೀಲಿ ಒತ್ತಿದರೂ ಅಷ್ಟೇ ಅಕ್ಷರ, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ.

“ನಾಲ್ಕೈದು ಹಾಕಿದರೆ ಸಾಲದಾ?” ಎಂದೆ, ಅವಳ ಬೆನ್ನು ನೋಯುವುದನ್ನು ಕಂಡು.

“ಯಾವುದಕ್ಕೆ ಹಾಕಲ್ವೋ ದೆವ್ವ ಅಲ್ಲೇ ಬರತ್ತೆ.”

ಹಾಗಾಗಿ ಅರವತ್ತಕ್ಕೂ ಹಾಕಿದೆವು. ಅವಳು ಬೆಸುಗೆ ಹಾಕಿದಳು, ನಾನು ಒಂದೊಂದರ ಕಾಲು ಬಗ್ಗಿಸಿ, ಕಪ್ಪು ಪಟ್ಟಿ ಒಂದೇ ಕಡೆಗೆ ಬರುವಂತೆ ಹಳೇ ಪಂಚಾಂಗದ ಮೇಲೆ ಸಾಲಾಗಿ ಜೋಡಿಸಿಕೊಟ್ಟೆ. ಅವರೆಕಾಯಿ ಸುಲಿಯುವಷ್ಟು ಹೊತ್ತಿನ ಕೆಲಸ ಎಂದುಕೊಂಡಿದ್ದು ರಾತ್ರಿ ಊಟದವರೆಗೂ ಹೋಯಿತು. ಕೈ ಕೆಲಸದಲ್ಲಿದ್ದಾಗ ಬಾಯಿ ಸಡಿಲವಾಗುತ್ತದೆ. ಆ ಹುಡುಗಿಯ ಕಥೆಯನ್ನು ಹೇಳಿದೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಪುಟ್ಟಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಓಲೆ ಎಲ್ಲಿಂದ ಬಂತು ಅಂತ ಅವಳನ್ನೇ ಯಾಕೆ ಕೇಳಲಿಲ್ಲ?” ಎಂದಳು.

ಅದೊಂದೇ ಪ್ರಶ್ನೆ. ‘ಚೆನ್ನಾಗಿದೆಯಲ್ಲೇ, ಯಾವಾಗ ಮಾಡಿಸಿದೆ?’ ಎಂದು ಒಬ್ಬಳು ಹೆಂಗಸು ಇನ್ನೊಬ್ಬಳನ್ನು ಕೇಳುವುದರಲ್ಲಿ ಏನು ಕಷ್ಟ? ಬಸ್ಸಿನಲ್ಲಿ ಗುರುತಿಲ್ಲದವರನ್ನೂ ಕೇಳುತ್ತೇವೆ. ಎದುರು ಮನೆಯ ಸೊಸೆಯನ್ನೂ ‘ಕೈಗೇನಾಯಿತಮ್ಮ?’ ಎಂದು ಕೇಳಬಹುದಿತ್ತು. ಓಲೆಯ ಮಾತನ್ನು ಓಲೆಯ ಹತ್ತಿರವೇ ಮುಗಿಸಬಹುದಿತ್ತು. ಬೀಗದ ಕೈಯ ಮಾತು, ಬಾಗಿಲು ಹಾಕಿದ ಮಾತು, ಒಂದೊಂದನ್ನೂ ಬೇರೆ ಬೇರೆಯಾಗಿ ಕೇಳಬಹುದಿತ್ತು. ನಾನು ಕೇಳದೆ ಇದ್ದದ್ದು ಸಂಕೋಚದಿಂದಲ್ಲ. ನಿಜ ಹೇಳಬೇಕೆಂದರೆ, ನನ್ನ ವಶದಲ್ಲಿದ್ದ ಹಣ ಕಳೆದುಹೋಗಿತ್ತು. ನಾಲ್ಕನೆಯ ಅಕ್ಷರ ಬೇಗ ಮೂಡಿದಷ್ಟೂ ನನಗೆ ಅನುಕೂಲವಿತ್ತು. ಪಾಪ, ಬೋರ್ಡಿಗೆ ಅಂಥ ಅನುಕೂಲವೇನೂ ಇಲ್ಲ. ಅದೊಂದು ವಿಷಯದಲ್ಲಿ ಅದು ನನಗಿಂತ ಮೇಲು.

ಎಲ್ಲ ಜೋಡಿಸಿ ನೋಡಿದಾಗ ‘ಳ’ ಮೂಡಲಿಲ್ಲ. ಅಂದರೆ ‘ಲ’ದ ಕೀಲಿಯೇ ಮೂಕ. ಒಂದು ಡಯೋಡಿನ ಕಪ್ಪು ಪಟ್ಟಿ ತಿರುಗಿತ್ತು, ನಾನು ಜೋಡಿಸಿದ್ದೇ. ಪುಟ್ಟಿ ಬಿಚ್ಚಿ ತಿರುಗಿಸಿ ಹಾಕಿದಳು. ಆಮೇಲೆ ‘ಹ’, ‘ನ’, ‘ಮ’ ಒಟ್ಟಿಗೆ ಒತ್ತಿದೆ. ಮೂರೇ ಅಕ್ಷರ.

ಹಬ್ಬ ಮುಗಿಸಿಕೊಂಡು ಅವಳು ಹೊರಟ ಮೇಲೆ ನಮ್ಮ ಕಚೇರಿಯ ನಿವೃತ್ತ ಜವಾನರಿಗೆ ಫೋನು ಮಾಡಿ ವಿಚಾರಿಸಿದೆ. ಆ ಹುಡುಗಿ ದಾವಣಗೆರೆಯಲ್ಲಿದ್ದಾಳಂತೆ. ಹುಡುಗಿ ಎನ್ನುತ್ತೇನೆ, ಅವಳಿಗೂ ಮೊಮ್ಮಕ್ಕಳಿರಬಹುದು. ಅವರು ಎರಡು ದಿನ ಬಿಟ್ಟು ನಂಬರನ್ನೂ ಹುಡುಕಿಕೊಟ್ಟರು. ಚೀಟಿ ಹರಿದು ಬರೆದುಕೊಂಡು ಕೀಲಿಮಣೆಯ ಕೆಳಗೆ ಸಿಕ್ಕಿಸಿದ್ದೇನೆ. ಪುಟ್ಟಿ ಪ್ರತಿ ಭಾನುವಾರ ಫೋನಿನಲ್ಲಿ ಕೇಳುತ್ತಾಳೆ, “ಮಾತಾಡ್ದೆಯಾ ಅತ್ತೆ?”

“ಕೀಲಿಮಣೆ ಚೆನ್ನಾಗಿ ನಡೀತಿದೆ” ಎನ್ನುತ್ತೇನೆ.

“ಅದನ್ನ ಕೇಳಲಿಲ್ಲ ನಾನು” ಎನ್ನುತ್ತಾಳೆ.