ಕಲ್ಲಿನ ಬಳೆ, ಕೈಯ ಕಂಕಣ

ಗೃಹಸ್ಥನ ಬಾಳಿನಲ್ಲಿ ವಿವಾಹವು ಮಹತ್ತರವಾದ ಸಂಸ್ಕಾರ. ಶರಣಧರ್ಮವು ಸಂಸಾರವನ್ನು ತೊರೆದು ಕಾಡು ಸೇರಬೇಕೆಂದು ವಿಧಿಸಲಿಲ್ಲ. ಸತಿಪತಿಗಳಿಬ್ಬರೂ ಏಕಭಾವದಿಂದ ಲಿಂಗವನ್ನು ಅರ್ಚಿಸಿ, ಕಾಯಕದಿಂದ ಬಂದುದನ್ನು ದಾಸೋಹಕ್ಕೆ ಸಲ್ಲಿಸಬೇಕೆಂದು ಬೋಧಿಸಿತು. ಆದುದರಿಂದ ಮದುವೆಯ ದಿನವು ಒಂದು ದಿನದ ಉತ್ಸವವಲ್ಲ, ದೀರ್ಘವಾದ ಒಂದು ವ್ರತದ ಪ್ರಾರಂಭ.

ಇತ್ತೀಚೆಗೆ ಮದುವೆಯಲ್ಲಿ ಹೊಸದೊಂದು ಅಭಿರುಚಿ ಕಾಣಿಸಿಕೊಂಡಿದೆ. ಹಳೆಯ ಅರಮನೆಯ ಅಂಗಳ, ಕೋಟೆಯ ಬಯಲು, ಪ್ರಾಚೀನ ಕಂಬಗಳ ಸಾಲು, ಇವುಗಳ ಮುಂದೆ ತೆರೆದ ಆಕಾಶದ ಕೆಳಗೆ, ಅಜ್ಜಂದಿರ ಕಾಲದ ಉಡುಗೆಯನ್ನು ತೊಟ್ಟು ಧಾರೆಯೆರೆಯಿಸಿಕೊಳ್ಳಬೇಕೆಂಬ ಆಸೆ. 1921ರಲ್ಲಿ ಅಡಿಗಲ್ಲಿಟ್ಟ ಮೈಸೂರಿನ ಲಲಿತಮಹಲು 1974ರಲ್ಲಿ ಹೋಟೆಲಾಯಿತು; ಅಂದು ರಾಜಾತಿಥಿಗಳಿಗಷ್ಟೇ ತೆರೆದಿದ್ದ ಬಾಗಿಲು ಇಂದು ಬಾಡಿಗೆ ತೆತ್ತವರಿಗೆಲ್ಲ ತೆರೆಯುತ್ತದೆ. ಈ ಅಭಿರುಚಿಯು ನಗರದಲ್ಲಿಯೇ ನಿಲ್ಲುವುದಿಲ್ಲ. ಕೊಳ್ಳೇಗಾಲದ ಸೀಮೆಯ ಧನಗೆರೆಯಂತಹ ಊರಿನ ಒಕ್ಕಲಿನ ಮನೆಗೂ ಅದು ಬರುತ್ತದೆ.

ಹಿಂದಿನದರ ಮೇಲಿನ ಪ್ರೀತಿ ನಿಂದ್ಯವಲ್ಲ. ಆದರೆ ಹಿಂದಿನದು ಯಾವುದು ಎಂಬುದನ್ನು ವಿಚಾರಿಸಬೇಕು. ಈ ಸೀಮೆಯ ಹಿರಿಯರು ಮನೆಯ ಮುಂದೆಯೇ ತೆಂಗಿನ ಗರಿಯ ಚಪ್ಪರ ಹಾಕಿದರು. ಗಳು ತಂದವರು ನೆರೆಯವರು, ಅಕ್ಕಿ ಆರಿಸಿದವರು ನೆರೆಯ ತಾಯಂದಿರು. ಪಂಚಕಲಶದ ಸುತ್ತ ಸುತ್ತಿದ ನೂಲಿನೊಳಗೆ ವಧೂವರರು ಕುಳಿತಾಗ ಇಡೀ ಊರೇ ಸಾಕ್ಷಿಯಾಗಿತ್ತು. ಬಯಲ ಮದುವೆ ಹೊಸದಲ್ಲ; ಬಾಡಿಗೆಯ ಬಯಲು ಮಾತ್ರ ಹೊಸದು. ಗೋಡೆಯ ಹಳಮೆಯನ್ನು ಹಣಕ್ಕೆ ಪಡೆಯಬಹುದು, ನೆರೆಯವರ ಕೈಯನ್ನು ಪಡೆಯಲಾಗದು.

ಯಳಂದೂರಿನ ಗೌರೀಶ್ವರ ದೇವಾಲಯದ ಮಹಾದ್ವಾರಕ್ಕೆ ಬಳೆಮಂಟಪವೆಂದು ಹೆಸರು. ಕಲ್ಲನ್ನೇ ಕಡೆದು ಬಳೆಗಳಾಗಿಸಿ, ಒಂದರೊಳಗೊಂದು ಕೋದು ಸರಪಣಿಯಂತೆ ಇಳಿಬಿಟ್ಟಿರುವುದರಿಂದ ಆ ಹೆಸರು. ವೃಷಭೇಂದ್ರವಿಜಯದಲ್ಲಿ ಬಸವಣ್ಣನವರ ಚರಿತ್ರೆಯನ್ನು ಹಾಡಿದ ಷಡಕ್ಷರದೇವನು 17ನೆಯ ಶತಮಾನದಲ್ಲಿ ಬಾಳಿದ ಊರೂ ಅದೇ. ಅಂತಹ ಸ್ಥಳಕ್ಕೆ ನವದಂಪತಿಗಳು ಹೋಗಿ ಕೈಮುಗಿಯುವುದು ಯುಕ್ತ. ಆದರೆ ಕಂಬಕ್ಕೆ ಮೊಳೆ ಹೊಡೆದು ದೀಪಮಾಲೆ ಕಟ್ಟುವುದು, ಶಿಲೆಯ ಬಳಿ ಒಲೆ ಹೂಡುವುದು ಪೂರ್ವಿಕರಿಗೆ ಮಾಡುವ ಅಪಚಾರ. ಕೇಂದ್ರ ಸರ್ಕಾರದ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಲಿಖಿತ ಅನುಮತಿಯಿಲ್ಲದೆ ಸತ್ಕಾರಕೂಟ ನಡೆಸಬಾರದೆಂದು 1959ರ ನಿಯಮಗಳೇ ಹೇಳಿವೆ; ರೂಢಿಯಿಂದ ಬಂದ ಧಾರ್ಮಿಕ ಆಚರಣೆಗೆ ಮಾತ್ರ ಅಲ್ಲಿ ವಿನಾಯಿತಿಯುಂಟು. ಕಲ್ಲಿನ ಬಳೆ ಶತಮಾನಗಳನ್ನು ತಾಳಿದೆ. ಒಂದು ಸಂಜೆಯ ಸಡಗರಕ್ಕೆ ಅದು ಬಿರಿಯಬಾರದು.

ಕಲ್ಲಿಗಿಂತಲೂ ಬೇಗ ಬಿರಿಯುವುದು ಮನೆ. ಮಗಳ ಮದುವೆಗೆಂದು ಹೊಲವನ್ನು ಒತ್ತೆಯಿಟ್ಟ ತಂದೆ ಪಂಕ್ತಿಯಲ್ಲಿ ನಗುತ್ತಾನೆ. ಅತಿಥಿಗಳು ಹೋದ ಮೇಲೆ ಬಡ್ಡಿಯ ಲೆಕ್ಕ ಉಳಿಯುತ್ತದೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನವರು ಅದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಮಾಡಿದರು. ದೊರೆತ ಅಕ್ಕಿಯಲ್ಲಿಯೇ ಮಿತಿಯನ್ನರಿತ ಆ ಮಹಾತಾಯಿ ಸಾಲದ ಸಂಭ್ರಮವನ್ನು ಒಪ್ಪುತ್ತಿದ್ದರೇ? ಈ ಪ್ರಶ್ನೆಯನ್ನು ವರನ ಕಡೆಯವರೇ ಮೊದಲು ಕೇಳಿಕೊಳ್ಳಬೇಕು. ಏಕೆಂದರೆ ಬೇಡವೆನ್ನುವ ಧೈರ್ಯ ಹೆಣ್ಣಿನ ತಂದೆಗೆ ವಿರಳ.

ಚಾರಿತ್ರಿಕ ವಿವಾಹವೆಂಬುದು ಒಂದುಂಟು. ಅದು ಕಲ್ಯಾಣದಲ್ಲಿ ನಡೆಯಿತು. ಬ್ರಾಹ್ಮಣಕುಲದಿಂದ ಬಂದ ಮಧುವರಸರ ಮಗಳಿಗೂ ಚರ್ಮಕಾಯಕದ ಹರಳಯ್ಯನವರ ಮಗನಿಗೂ ಶರಣರ ಸಮ್ಮುಖದಲ್ಲಿ ಸಂಬಂಧವಾಯಿತು. ಅದಕ್ಕಾಗಿ ಇಬ್ಬರು ತಂದೆಯರೂ ಬಿಜ್ಜಳನ ಆಜ್ಞೆಯಿಂದ ಪ್ರಾಣ ತೆತ್ತರೆಂದು ಪರಂಪರೆಯು ಹೇಳುತ್ತದೆ. ಆ ಮದುವೆ ಯಾವ ಮಂಟಪದಲ್ಲಿ ನಡೆಯಿತೆಂದು ಯಾರೂ ಕೇಳುವುದಿಲ್ಲ. ಯಾವ ಸತ್ಯಕ್ಕಾಗಿ ನಡೆಯಿತೆಂಬುದನ್ನು ಎಂಟು ಶತಮಾನಗಳು ಮರೆತಿಲ್ಲ. ಅಲ್ಲಿ ಸ್ಥಳವು ಮದುವೆಗೆ ಕೀರ್ತಿ ತರಲಿಲ್ಲ, ಮದುವೆಯೇ ಸ್ಥಳಕ್ಕೆ ಕೀರ್ತಿ ತಂದಿತು. ಸುತ್ತೂರಿನ ಜಾತ್ರೆಯ ಸಾಮೂಹಿಕ ವಿವಾಹದಲ್ಲಿ ನಾನಾ ಜಾತಿಯ ವಧೂವರರು, ಅಂತರ್ಜಾತಿಯ ಜೋಡಿಗಳೂ ಸೇರಿ, ಒಂದೇ ಚಪ್ಪರದಡಿಯಲ್ಲಿ ಸಾಲವಿಲ್ಲದೆ ಸತಿಪತಿಗಳಾಗುವುದನ್ನು ಕಂಡವರು ಆ ಬೆಳಕಿನ ಒಂದು ಕಿಡಿಯನ್ನು ಕಂಡಂತೆಯೇ.

ಆದುದರಿಂದ ಸದ್ಭಕ್ತರು ಮಕ್ಕಳ ಆಸೆಯನ್ನು ಗದರಿಸದೆ ತಿದ್ದಬೇಕು. ಮನೆಯ ಮುಂದಿನ ಬಯಲಿನಲ್ಲಿ ಚಪ್ಪರವೇಳಲಿ; ಪೆಟ್ಟಿಗೆಯಲ್ಲಿರುವ ಅಜ್ಜಿಯ ಕೊಳ್ಳೇಗಾಲದ ರೇಷ್ಮೆ ಸೀರೆಯನ್ನೇ ವಧು ಉಡಲಿ; ಉಳಿದ ಹಣವು ನವದಂಪತಿಗಳ ಬಾಳಿಗೂ ಹಸಿದವರ ಅನ್ನಕ್ಕೂ ಸಲ್ಲಲಿ. ಕೈಗೆ ಕಟ್ಟಿದ ಕಂಕಣವನ್ನು ಕೆಲವು ದಿನಗಳಲ್ಲಿ ಬಿಚ್ಚುತ್ತಾರೆ. ಮನಸ್ಸಿಗೆ ಕಟ್ಟಿದ ಕಂಕಣವು ಬಳೆಮಂಟಪದ ಕಲ್ಲಿನ ಬಳೆಯಂತೆ ಕಳಚದೆ ಉಳಿಯಲಿ.