ಸಾಧು ಹಸುವಿನ ಋಣ

ಬಲಿಪಾಡ್ಯಮಿಯಂದು ಗೋವಿಗೆ ಅರಿಶಿನ ಕುಂಕುಮವಿಟ್ಟು, ಕೊರಳಿಗೆ ಮಾಲೆ ಹಾಕಿ, ಗೋಗ್ರಾಸವಿತ್ತು ನಮಸ್ಕರಿಸುವುದು ನಮ್ಮ ಮನೆಗಳಲ್ಲಿ ನಡೆದುಬಂದ ಸಂಪ್ರದಾಯ. ಮರುದಿನ ಬೆಳಿಗ್ಗೆ ಚೊಂಬು ಹಿಡಿದು ಅದೇ ಗೋವಿನ ಬಳಿ ಕುಳಿತಾಗ ನಮಗೂ ಅದಕ್ಕೂ ಇರುವ ಸಂಬಂಧವೇನೆಂದು ಯೋಚಿಸುವುದು ಮಾತ್ರ ವಿರಳ.

ಶ್ರೀಪಾದರಾಜರ ಬೃಂದಾವನದಿಂದ ಪುನೀತವಾದ ಮುಳಬಾಗಿಲನ್ನೊಳಗೊಂಡ ಈ ಕೋಲಾರದ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ರಾಗಿ ಕೈಕೊಟ್ಟ ವರ್ಷಗಳಲ್ಲಿ ನರಸಾಪುರದ ಸುತ್ತಣ ಎಷ್ಟೋ ಸಣ್ಣ ಹಿಡುವಳಿದಾರರ ಸಂಸಾರಕ್ಕೆ ಆಧಾರವಾದುದು ಡೈರಿಯ ಬಟವಾಡೆ. ಆದ್ದರಿಂದ ಹಾಲಿನಿಂದ ಜೀವಿಸುವವರನ್ನು ನಾವು ದೂಷಿಸಲಾರೆವು. ನಮ್ಮ ಪ್ರಶ್ನೆ ಬೇರೆ. ಒದೆಯದೆ, ಹಾಯದೆ, ಯಾರು ಕುಳಿತು ಕರೆದರೂ ಸುಮ್ಮನೆ ನಿಲ್ಲುವ ಸಾಧು ಹಸುವಿನಿಂದ ನಾವು ಎಷ್ಟನ್ನು ಪಡೆಯಬಹುದು? ಅದು ತಡೆಯುವುದಿಲ್ಲವೆಂಬುದೇ ನಮ್ಮ ಅಧಿಕಾರಕ್ಕೆ ಪ್ರಮಾಣವಾದೀತೇ?

ಆಗದು. ಜೀವರು ಪರಸ್ಪರ ಭಿನ್ನರು, ಎಲ್ಲರೂ ಶ್ರೀಹರಿಯ ಅಧೀನರು ಎಂಬುದು ಶ್ರೀಮದಾಚಾರ್ಯರ ಸಿದ್ಧಾಂತ. ಹಾಗಿದ್ದಮೇಲೆ ಕೊಟ್ಟಿಗೆಯ ಗೋವು ನಮ್ಮ ಸೊತ್ತಾಗುವ ಮೊದಲೇ ಅವನ ಸೊತ್ತು; ಅದರ ನೋವು ನಮ್ಮ ನೋವಿನಷ್ಟೇ ಸತ್ಯ. ಯಜ್ಞದಲ್ಲಿಯೂ ಜೀವಂತ ಪಶುವಿನ ಬದಲು ಹಿಟ್ಟಿನ ಪಶುವನ್ನು ಅಂಗೀಕರಿಸಿದ ಪರಂಪರೆ ನಮ್ಮದು.

ಕರು ಹಾಕಿದ ಹತ್ತು ದಿನಗಳೊಳಗಿನ ಹಾಲನ್ನೂ ಕರುವಿಲ್ಲದ ಹಸುವಿನ ಹಾಲನ್ನೂ ಮನುಸ್ಮೃತಿಯ 5ನೆಯ ಅಧ್ಯಾಯವು ನಿಷೇಧಿಸಿದೆ. ಇದು ಬರಿಯ ಮಡಿಯ ಮಾತಲ್ಲ. ಎಳೆಗರುವಿಗೆ ರೋಗನಿರೋಧಕ ಶಕ್ತಿ ಬರುವುದು ಗಿಣ್ಣುಹಾಲಿನಿಂದ. ಮೊದಲ ದಿನ ಕಳೆದರೆ ಆ ಶಕ್ತಿಯನ್ನು ಹೀರಿಕೊಳ್ಳುವ ಸಾಮರ್ಥ್ಯ ಕರುವಿನ ಕರುಳಿಗೆ ಉಳಿಯದೆಂದು ಪಶುವೈದ್ಯರು ಹೇಳುತ್ತಾರೆ. ಗಿಣ್ಣಿನ ಆಸೆಗೆ ಕರುವನ್ನು ಬೇಗ ಎಳೆದು ಕಟ್ಟುವವರು ಇದನ್ನು ನೆನೆಯಬೇಕು.

ನಿಜವಾದ ಪರೀಕ್ಷೆಯಿರುವುದು ಹಾಲು ಬತ್ತಿದ ಮೇಲೆ. ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ 2013ರಿಂದ ದ್ವಿಚಕ್ರವಾಹನಗಳ ಕಾರ್ಖಾನೆ ನಡೆಯುತ್ತಿದೆ; ಅನೇಕ ಮನೆಗಳ ಮಕ್ಕಳಿಗೆ ಈಗ ಕೊಟ್ಟಿಗೆಯ ಕೆಲಸಕ್ಕೆ ಬಿಡುವಿಲ್ಲ. ಉಳುಮೆಗೆ ಟ್ರ್ಯಾಕ್ಟರು ಬಂದು ಗಂಡುಕರು ಬೇಡವಾಗಿದೆ. ನಾವೇನೂ ನಿರ್ದೋಷಿಗಳಲ್ಲ. ಹಲವು ವರ್ಷಗಳ ಹಿಂದೆ ಗೊಡ್ಡಾದ ನಮ್ಮ ಹಸುವನ್ನು ದಲ್ಲಾಳಿಯ ಕೈಗೆ ಕೊಟ್ಟೆವು. ಹಗ್ಗ ಬದಲಾದಾಗ ಅದು ಹಠಮಾಡಲಿಲ್ಲ. ದಿನವೂ ಮೇಯಲು ಹೋಗುವಂತೆಯೇ ಅವನ ಹಿಂದೆ ನಡೆಯಿತು. ಬಂದ ಹಣ ಏತಕ್ಕೆ ವೆಚ್ಚವಾಯಿತೋ ನೆನಪಿಲ್ಲ. ಆ ನಡಿಗೆಯನ್ನು ಮರೆಯಲಾಗಿಲ್ಲ.

ಬಡ ರೈತನ ಕಷ್ಟವನ್ನು ನಾವು ಬಲ್ಲೆವು. ಆದುದರಿಂದಲೇ ಈ ನಿರ್ಧಾರ ಕೊನೆಗಾಲಕ್ಕೆ ಉಳಿಯಬಾರದು. ಎರಡು ಹಸುಗಳನ್ನು ಕಡೆತನಕ ಸಾಕಲಾಗದವನು ಒಂದನ್ನೇ ಕಟ್ಟಲಿ. ಕರೆಯುವ ಕಾಲದಲ್ಲಿಯೇ ಅದರ ಮುಪ್ಪಿನ ಮೇವಿಗೆ ಒಂದು ಪಾಲನ್ನು ತೆಗೆದಿರಿಸಲಿ. ಪಟ್ಟಣದಲ್ಲಿ ಹಾಲು ಕೊಳ್ಳುವ ನಾವೂ ಈ ಋಣದಿಂದ ಹೊರತಲ್ಲ. ಕ್ಷೀರಾಭಿಷೇಕಕ್ಕೆ ಕಾಣಿಕೆಯಿತ್ತ ಕೈ, ಹಾಲು ಬತ್ತಿದ ಹಸುವಿನ ಮುಂದೆಯೂ ಒಂದು ಹೊರೆ ಹುಲ್ಲನ್ನು ಇಟ್ಟರೆ ಆ ಪೂಜೆ ಪೂರ್ಣವಾಗುತ್ತದೆ.

ಶ್ರೀಕೃಷ್ಣಾರ್ಪಣಮಸ್ತು