ಕುಕ್ಕರಗಾಲಿನ ಲೆಕ್ಕ

ನಮ್ಮ ವಾಣಿವಿಲಾಸ ಸಾಗರ 1933ರಲ್ಲಿ ಒಮ್ಮೆ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಹಿರಿಯೂರು ಸೀಮೆಯ ಜನವೆಲ್ಲ ಬುತ್ತಿ ಕಟ್ಟಿಕೊಂಡು ನೀರು ನೋಡಲು ಹೋದ ಆ ದಿನಗಳಲ್ಲೇ ನನ್ನ ರಕ್ತದೊತ್ತಡವೂ ಕೋಡಿ ಬಿತ್ತು. ಡಾಕ್ಟರು ಮಾತ್ರೆ ಬರೆದುಕೊಟ್ಟು, "ಇಷ್ಟೇ ಸಾಲದು ಮೇಡಂ, ದಿನಾ ಬೆವರು ಬರುವ ಹಾಗೆ ಮೈ ದಣಿಸಬೇಕು" ಎಂದರು. ಇಪ್ಪತ್ತೈದು ವರ್ಷ ನಿಂತೇ ಪಾಠ ಮಾಡಿದ್ದೆನಲ್ಲ, ಅದು ದಣಿವಿನ ಲೆಕ್ಕಕ್ಕೆ ಬರುವುದಿಲ್ಲವೆಂದು ತಿಳಿದದ್ದು ಅವತ್ತೇ.

ಬಬ್ಬೂರಿನ ಹೊಲದ ದಾರಿಯಲ್ಲಿ ಬೆಳಗಿನ ನಡಿಗೆ ಶುರುವಾಯಿತು. ರಜೆಗೆ ಬಂದ ಮಗಳು ಒಂದು ದಿನ ಜೊತೆಗೆ ಬಂದವಳು, "ಅಮ್ಮಾ, ನೀನು ನಡೀತಿದ್ದೀಯೋ, ದೇವಸ್ಥಾನಕ್ಕೆ ಪ್ರದಕ್ಷಿಣೆ ಹಾಕ್ತಿದ್ದೀಯೋ?" ಎಂದು ನಕ್ಕು ಹೊಸ ಪಾಠ ಹೇಳಿಕೊಟ್ಟಳು. ಕುಕ್ಕರಗಾಲಿಗೆ ಇಳಿಯಬೇಕು, ಕೈ ಮುಂದೆ ಚಾಚಬೇಕು, ಹಾಗೇ ಕೂತಂತೆಯೇ ಹತ್ತು ಹೆಜ್ಜೆ ಮುಂದೆ ಹೋಗಬೇಕು. ಎದ್ದು ಒಂದಷ್ಟು ದೂರ ನಡೆದು, ಉಸಿರು ಸುಧಾರಿಸಿಕೊಂಡು, ಮತ್ತೆ ಇಳಿಯಬೇಕು. ಯೋಗದವರು ಇದನ್ನು ಕಾಗೆ ನಡಿಗೆ ಎನ್ನುತ್ತಾರೆ. ನಮ್ಮ ಶಾಲೆಯ ಮಕ್ಕಳ ಬಾಯಲ್ಲಿ ಅದು ಬಾತುಕೋಳಿ ನಡಿಗೆ. ತೊಡೆ ಮತ್ತು ಪೃಷ್ಠದ ಸ್ನಾಯುಗಳು ಮೈಯಲ್ಲೇ ದೊಡ್ಡವು. ಅವು ದುಡಿಯತೊಡಗಿದರೆ ಹೆಚ್ಚು ರಕ್ತ ಬೇಡುತ್ತವೆ, ಹೃದಯ ಓಡಿ ಓಡಿ ಒದಗಿಸುತ್ತದೆ. ಓಡಲಾಗದ ನಮ್ಮಂಥವರ ಎದೆಬಡಿತ ಹತ್ತೇ ಹೆಜ್ಜೆಯಲ್ಲಿ ಏರುವುದು ಹೀಗೆ. ಡಾಕ್ಟರನ್ನು ಕೇಳಿದೆ. "ಉಸಿರು ಬಿಗಿಹಿಡಿಯಬೇಡಿ, ಒತ್ತಡ ಏರುತ್ತೆ. ಮಂಡಿ ನೋವು ಬಂದರೆ ನಿಲ್ಲಿಸಿ. ಪೂರ್ತಿ ಕೂರಲೇಬೇಕೆಂದೇನಿಲ್ಲ, ಅರ್ಧ ಇಳಿದರೂ ಸಾಕು" ಎಂದರು. ಸೀರೆ ಬಿಟ್ಟು ಚೂಡಿದಾರ್ ಹಾಕಿಕೊಂಡು, ಯಾರೂ ನೋಡದ ಹೊತ್ತು ಹುಡುಕಿ ಇಳಿಯತೊಡಗಿದೆ.

ಆದರೆ ಹೊಲದ ಸೀಮೆಯಲ್ಲಿ ಯಾರೂ ನೋಡದ ಹೊತ್ತು ಎಂಬುದಿದೆಯೆ? ಒಂದು ಬೆಳಿಗ್ಗೆ ಆರನೆಯ ಹೆಜ್ಜೆಯಲ್ಲಿದ್ದೆ. ಪಕ್ಕದ ಈರುಳ್ಳಿ ಹೊಲದಿಂದ ದನಿ ಬಂತು: "ಏನ್ ಮೇಡಂ, ನಿಮಗ್ಯಾರು ಶಿಕ್ಷೆ ಕೊಟ್ರು?"

ತಿರುಗಿ ನೋಡಿದರೆ ಕಳೆ ತೆಗೆಯುವ ಹೆಂಗಸರ ಸಾಲು. ಎಲ್ಲರೂ ನನ್ನಂತೆಯೇ ಕುಕ್ಕರಗಾಲಲ್ಲಿ. ಕೇಳಿದವಳು ಇಪ್ಪತ್ತು ವರ್ಷದ ಹಿಂದೆ ನನ್ನ ಶಿಷ್ಯೆ. ಹೆಸರು ಬೇಡ. ಆಗ ತಡವಾಗಿ ಬರುವವರಿಗೆ ನನ್ನದೊಂದು ಶಿಕ್ಷೆಯಿತ್ತು: ಕಿವಿ ಹಿಡಿದು, ಕುಕ್ಕರಗಾಲಲ್ಲಿ ಧ್ವಜಕಂಬದ ಸುತ್ತ ಎರಡು ಸುತ್ತು. ಬೆತ್ತ ಹಿಡಿಯದ ಮೇಷ್ಟ್ರಮ್ಮ ಎಂಬ ಹೆಮ್ಮೆಯೂ ನನಗಿತ್ತು. ವಾರಕ್ಕೆರಡು ಸಲವಾದರೂ ಅವಳು ಸುತ್ತುತ್ತಿದ್ದಳು.

"ನಿನಗೆ ಬಹಳ ಸಲ ಕೊಟ್ಟಿದ್ದೆ ಅಲ್ಲವೇನೆ?" ಎಂದೆ, ನಗಲು ಯತ್ನಿಸುತ್ತ.

"ಅಯ್ಯೋ ಬಿಡಿ ಮೇಡಂ, ಅದು ಶಿಕ್ಷೆ ಅಂತಾನೇ ಅನ್ನಿಸ್ತಿರ್ಲಿಲ್ಲ. ಬೆಳಗ್ಗೆ ಅವ್ವನ ಜೊತೆ ಎರಡು ಸಾಲು ಕಳೆ ತೆಗೆದೇ ಬರ್ತಿದ್ದೆ. ಇಸ್ಕೂಲಲ್ಲೂ ಅದೇ" ಎಂದಳು. ಸಾಲಿನವರೆಲ್ಲ ನಕ್ಕರು. ಅವಳ ಮಾತಿನಲ್ಲಿ ಮುಳ್ಳಿರಲಿಲ್ಲ. ಚುಚ್ಚಿದ್ದು ಅದೇ.

ಏಕೆ ತಡ ಎಂದು ನಾನು ಒಂದು ದಿನವೂ ಕೇಳಿರಲಿಲ್ಲ.

ಮನೆಗೆ ಬಂದ ಮೇಲೂ ಆ ಮಾತು ಬಿಡಲಿಲ್ಲ. ಗಣಪತಿಯ ಮುಂದೆ ಕಿವಿ ಹಿಡಿದು ಕೂತೆದ್ದರೆ ಭಕ್ತಿ. ಗರಡಿಯಲ್ಲಿ ಅದೇ ಬಸ್ಕಿ ಹೊಡೆದರೆ ಸಾಧನೆ. ಶಾಲೆಯಲ್ಲಿ ಶಿಕ್ಷೆ, ಹೊಲದಲ್ಲಿ ಕೂಲಿ, ನನ್ನಂಥವಳು ಮಾಡಿದರೆ ವ್ಯಾಯಾಮ. ಬಗ್ಗುವ ಮಂಡಿ ಒಂದೇ. ಹಾಗಾದರೆ ವ್ಯತ್ಯಾಸವೆಲ್ಲಿದೆ?

ಪೇಟೆಯ ಜಿಮ್ಮುಗಳಲ್ಲಿ ಜನ ದುಡ್ಡು ಕೊಟ್ಟು ಟ್ರೆಡ್‌ಮಿಲ್ ಮೇಲೆ ನಡೆಯುತ್ತಾರಲ್ಲ, ಆ ಹೆಸರಿನ ಯಂತ್ರ ಮೊದಲು ಇದ್ದದ್ದು ಜೈಲಿನಲ್ಲಿ. ಇಂಗ್ಲೆಂಡಿನಲ್ಲಿ 1818ರಲ್ಲಿ ವಿಲಿಯಂ ಕ್ಯೂಬಿಟ್ ಎಂಬ ಇಂಜಿನಿಯರ್ ಕೈದಿಗಳಿಗಾಗಿ ದೊಡ್ಡ ಚಕ್ರವೊಂದನ್ನು ರೂಪಿಸಿದ. ಅದರ ಮೆಟ್ಟಿಲುಗಳನ್ನು ಅವರು ಗಂಟೆಗಟ್ಟಲೆ ತುಳಿಯುತ್ತಲೇ ಇರಬೇಕಿತ್ತು. ಆ ಶಿಕ್ಷೆಗೆ ಕೊನೆ ಹಾಡಿದ್ದು 1898ರ ಕಾನೂನು. ಇವತ್ತು ಟ್ರೆಡ್‌ಮಿಲ್ ಹತ್ತುವವರಿಗೂ ಆ ಕೈದಿಗಳಿಗೂ ಬೆವರಿನಲ್ಲಿ ವ್ಯತ್ಯಾಸವಿಲ್ಲ. ಇವರ ಕೈಗೆ ನಿಲ್ಲಿಸುವ ಗುಂಡಿ ಸಿಗುತ್ತದೆ, ಅಷ್ಟೇ.

ನನಗೆ ತೋರುವ ಉತ್ತರವೂ ಅಷ್ಟೇ. ಕೂರುವುದು ಹೇಗೆ ಎಂಬುದರಲ್ಲಿ ಅಲ್ಲ, ಏಳುವುದು ಯಾರ ಕೈಯಲ್ಲಿದೆ ಎಂಬುದರಲ್ಲಿ ವ್ಯತ್ಯಾಸವಿದೆ. ನಾನು ಹತ್ತು ಎಣಿಸಿ ಏಳುತ್ತೇನೆ. ಆ ಹುಡುಗಿ ಏಳಬೇಕಾದರೆ ನಾನು ಸಾಕು ಎನ್ನಬೇಕಿತ್ತು. ಈಗ ಅವಳು ಏಳಬೇಕಾದರೆ ಸಾಲು ಮುಗಿಯಬೇಕು, ಸಂಜೆಯಾಗಬೇಕು. ಮಂಡಿ ನೊಂದರೆ ನಿಲ್ಲಿಸಿ ಎಂದು ಡಾಕ್ಟರು ನನಗೆ ಹೇಳಿದರು. ಅವಳಿಗೆ ಯಾರು ಹೇಳಬೇಕು? ವರ್ಷಗಟ್ಟಲೆ, ದಿನವಿಡೀ ಹೀಗೆ ಕೂತು ದುಡಿದವರ ಮಂಡಿ ಬೇಗ ಸವೆಯುತ್ತದೆ ಎಂದು ವೈದ್ಯರೇ ಹೇಳುತ್ತಾರೆ. ನನ್ನ ಎದೆಗೆ ಔಷಧವಾದದ್ದು ಅವಳ ಕೀಲಿಗೆ ಸವೆತ.

ಹಾಗೆಂದು ನಾನು ವ್ಯಾಯಾಮ ಬಿಡಬೇಕೆ? ಬಿಟ್ಟರೆ ಅವಳ ಸಾಲೇನೂ ಗಿಡ್ಡವಾಗದು. ಇನ್ನೊಂದು ಆಲೋಚನೆಯೂ ಸುಳಿಯಿತು: ಅಂದು ಕೊಟ್ಟ ಶಿಕ್ಷೆಯನ್ನು ಇಂದು ನಾನೇ ಅನುಭವಿಸುತ್ತಿದ್ದೇನೆ, ಸಾಲ ತೀರಿತಲ್ಲ ಎಂದು. ಇದು ಮನಸ್ಸು ತನಗೆ ತಾನೇ ಹೇಳಿಕೊಳ್ಳುವ ಹಸಿ ಸುಳ್ಳು. ನನ್ನ ಆರೋಗ್ಯಕ್ಕಾಗಿ ನಾನು ಸುರಿಸಿದ ಬೆವರು ಇನ್ನೊಬ್ಬರ ಲೆಕ್ಕಕ್ಕೆ ಜಮೆಯಾಗುವುದು ಹೇಗೆ? 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಾಗ, ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡಬಾರದೆಂಬ ಅದರ 17ನೆಯ ಕಲಮನ್ನು ಓದಿ ಧ್ವಜಕಂಬದ ಸುತ್ತು ನಿಲ್ಲಿಸಿದೆ. ಕಾನೂನಿಗೆ ಹೆದರಿ ನಿಲ್ಲಿಸಿದೆನೇ ಹೊರತು ತಪ್ಪೆಂದು ತಿಳಿದಲ್ಲ. ತಪ್ಪು ತಿಳಿದದ್ದು ಈರುಳ್ಳಿ ಹೊಲದ ಬದುವಿನಲ್ಲಿ.

ಮಾರನೆಯ ದಿನ ಅದೇ ಬದುವಿನ ಮೇಲೆ ಅವಳಿಗೆ ಹೇಳಿದೆ: "ತಡ ಯಾಕೆ ಅಂತ ನಾನು ಕೇಳಬೇಕಿತ್ತು ಕಣಮ್ಮಾ. ತಪ್ಪಾಯ್ತು." ಅವಳು ಮುಜುಗರದಿಂದ ಸೆರಗು ಸರಿಮಾಡಿಕೊಂಡಳು. ಕ್ಷಮಿಸಿದೆ ಎನ್ನಲೂ ಇಲ್ಲ, ಇಲ್ಲ ಎನ್ನಲೂ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು, "ನಿಮ್ ಕಾಲು ಹಂಗಲ್ಲ ಮೇಡಂ, ಬೆರಳ ಮೇಲೇ ಭಾರ ಬಿಡಬೇಡಿ, ಹಿಮ್ಮಡಿ ಊರಿ" ಎಂದು ತೋರಿಸಿಕೊಟ್ಟಳು.

ಹಿಮ್ಮಡಿ ಊರಿ ಹತ್ತು ಎಣಿಸಿ ಎದ್ದೆ. ಅವಳು ಏಳಲಿಲ್ಲ. ಸಾಲಿನಲ್ಲಿ ಮುಂದೆ ಸರಿದಳು.

ಈಗಲೂ ನಮ್ಮ ಶಾಲೆಗೆ ತಡವಾಗಿ ಬರುವ ಮಕ್ಕಳಿದ್ದಾರೆ. ಬಾಗಿಲಲ್ಲಿ ನಿಂತವರನ್ನು ಮೊದಲು ಒಳಗೆ ಕರೆದು ಕೂರಿಸುತ್ತೇನೆ. ಆಮೇಲೆ, "ತಿಂಡಿ ಆಯ್ತಾ? ಯಾಕೆ ತಡವಾಯ್ತು?" ಎಂದು ಕೇಳುತ್ತೇನೆ.